ಕತ್ತರಿ ಬಿದ್ದ ಪ್ಯಾರಾ

ಪತ್ರ: ಮುಂಬಯಿ ಬಳಿಯ ಕಲ್ಯಾಣದ ರೈಲ್ವೆ ಯಾರ್ಡ್ ಪಕ್ಕದ ನನ್ನ ಬಾಲ್ಯದ ಲೇಖನ ಪ್ರಕಟಿಸಿದ್ದೀರಿ, ಸಂತೋಷ. ಆದರೆ ನಿಂತ ಗೂಡ್ಸ್ ಡಬ್ಬಿ ಹತ್ತಿ, ಮೇಲಿನ ವಿದ್ಯುತ್ ತಂತಿಗೆ ಸಿಕ್ಕಿದ ಗಾಳಿಪಟ ಬಿಡಿಸಿಕೊಳ್ಳುತ್ತಿದ್ದ ಪ್ಯಾರಾಕ್ಕೆ ಕತ್ತರಿ ಹಾಕಿದ್ದೀರಿ. ಎಪ್ಪತ್ತರ ದಶಕದಲ್ಲಿ ನಾವೆಲ್ಲ ಹಾಗೇ ಬೆಳೆದವರು, ಯಾರಿಗೂ ಏನೂ ಆಗಲಿಲ್ಲ. ಈಗೇಕೆ ಇಷ್ಟು ಹೆದರಿಕೆ? ಮುಂಬಯಿಯ ಮಕ್ಕಳಿಗೆ ಆಡಲು ಬೇರೆ ಜಾಗವಾದರೂ ಎಲ್ಲಿದೆ?
– ಓದುಗರೊಬ್ಬರು, ಠಾಣೆ

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮನ್ನು ಕೇಳದೆ ಪ್ಯಾರಾ ತೆಗೆದದ್ದು ನಮ್ಮ ತಪ್ಪು. ತೆಗೆದ ಕಾರಣ ಮಾತ್ರ ಹೆದರಿಕೆಯಲ್ಲ. ಯಾರ್ಡ್ ಅಲ್ಲೇ ಇದೆ, ಅದರ ಮೇಲಿನ ತಂತಿ ನೀವು ಕಂಡದ್ದಲ್ಲ.

ಮುಂಬಯಿಯಲ್ಲಿ 1925ರ ಫೆಬ್ರವರಿ 3ರಂದು ವಿದ್ಯುತ್ ರೈಲು ಓಡಿದ್ದು 1500 ವೋಲ್ಟ್ ಡೀಸಿಯಲ್ಲಿ (ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್). ನಿಮ್ಮ ಬಾಲ್ಯದಲ್ಲೂ ಅದೇ ಇತ್ತು. ಅದೂ ಜೀವ ತೆಗೆಯುವಂಥದ್ದೇ, ಆದರೆ ಬಹುಮಟ್ಟಿಗೆ ತಂತಿಗೆ ತಾಗಿದರೆ ಮಾತ್ರ. 2012ರಲ್ಲಿ ಪಶ್ಚಿಮ ರೈಲ್ವೆ, 2015ರಲ್ಲಿ ಮಧ್ಯ ರೈಲ್ವೆಯ ಮುಖ್ಯ ಮಾರ್ಗ, 2016ರಲ್ಲಿ ಹಾರ್ಬರ್ ಮಾರ್ಗ 25,000 ವೋಲ್ಟ್ ಏಸಿಗೆ (ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್) ಪೂರ್ತಿ ಬದಲಾದವು. ಈ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ. ಕೈ ಹತ್ತಿರ ಹೋದರೆ ಸಾಕು, ವಿದ್ಯುತ್ತೇ ಗಾಳಿಯಲ್ಲಿ ಹಾರಿ ಮೈಗೆ ಇಳಿಯುತ್ತದೆ. ತರಬೇತಿ ಪಡೆದ ಕೆಲಸಗಾರರಿಗೂ 2 ಮೀಟರ್ ದೂರದ ನಿಯಮವಿದೆ.

ಈಗ ನಿಮ್ಮ ಡಬ್ಬಿಯ ಲೆಕ್ಕ ಹಾಕಿ ನೋಡಿ. ಹಳಿಯಿಂದ ತಂತಿಯ ಎತ್ತರ ಸಾಮಾನ್ಯವಾಗಿ ಐದೂವರೆ ಮೀಟರ್, ಸೇತುವೆಗಳ ಕೆಳಗೆ ಇನ್ನೂ ಕಡಿಮೆ. ಮುಚ್ಚಿದ ಗೂಡ್ಸ್ ಡಬ್ಬಿಯ ಎತ್ತರ ಸುಮಾರು 4 ಮೀಟರ್. ಉಳಿದದ್ದು ಒಂದೂವರೆ ಮೀಟರ್. ಹತ್ತು ವರ್ಷದ ಹುಡುಗ ಮೇಲೆ ಕುಕ್ಕರುಗಾಲಲ್ಲಿ ಕೂತರೂ 2 ಮೀಟರಿನ ಗಡಿಯೊಳಗೇ ಇರುತ್ತಾನೆ. ಕೈಯಲ್ಲಿ ಮುಳ್ಳುಕೊಂಬೆ ಕಟ್ಟಿದ ಹಸಿ ಬಿದಿರುಗೋಲು ಇದ್ದರೆ ಕತೆ ಮುಗಿಯಿತು. ಒದ್ದೆ ದಾರದಲ್ಲೂ ವಿದ್ಯುತ್ ಹರಿಯುತ್ತದೆ. ‘ಲೈನ್ ಬಂದ್ ಆಗಿದೆ’ ಎಂಬ ಮಾತನ್ನೂ ನಂಬುವಂತಿಲ್ಲ: ಅರ್ಥಿಂಗ್ ಮಾಡದ, ಅಂದರೆ ನೆಲಕ್ಕೆ ಜೋಡಿಸದ ತಂತಿಯಲ್ಲಿ ಪಕ್ಕದ ಲೈನಿನ ಪ್ರಭಾವದಿಂದಲೇ ಅಪಾಯಕಾರಿ ವೋಲ್ಟೇಜ್ ಹುಟ್ಟುತ್ತದೆ.

ಲೇಖನದಲ್ಲಿ ನೀವು ಬರೆದ ಇನ್ನೊಂದು ಆಟ, ನಿಂತ ಗಾಡಿಯ ಅಡಿಯಲ್ಲಿ ನುಸುಳಿ ಆಚೆ ಹೋಗುವುದು, ತಂತಿ ಬದಲಾಗುವ ಮೊದಲೂ ಇಷ್ಟೇ ಕೆಟ್ಟದ್ದಾಗಿತ್ತು. ಐವತ್ತೆಂಟು ಡಬ್ಬಿಗಳ ರೇಕ್ ಅರ್ಧ ಕಿಲೋಮೀಟರಿಗಿಂತ ಉದ್ದ. ಹಿಂದಿನ ಡಬ್ಬಿಯ ಬಳಿ ಇರುವವರಿಗೆ ಎಂಜಿನ್ ಕಾಣದು, ಅದರ ಸೀಟಿಯೂ ಗಲಾಟೆಯಲ್ಲಿ ಕೇಳಿಸದಿರಬಹುದು. ಡಬ್ಬಿಗಳನ್ನು ಜೋಡಿಸುವ ಪ್ರತಿ ಕಪ್ಲಿಂಗಿನಲ್ಲೂ ತುಸು ಸಡಿಲವಿರುವುದರಿಂದ ಎಂಜಿನ್ ಎಳೆದಾಗ ಡಬ್ಬಿಗಳು ಒಟ್ಟಿಗೆ ಕದಲುವುದಿಲ್ಲ, ‘ಖಣ್ ಖಣ್’ ಎನ್ನುತ್ತ ಒಂದೊಂದಾಗಿ ಎಳೆತಕ್ಕೆ ಸಿಗುತ್ತವೆ. ಕೊನೆಯ ಡಬ್ಬಿಗೆ ಬರುವಷ್ಟರಲ್ಲಿ ಅದು ಜೋರಾದ ಜಗ್ಗು. ಚಕ್ರದ ನಡುವೆ ಇರುವ ಹುಡುಗನಿಗೆ ಆ ಸದ್ದು ಕೇಳಿದ ಮೇಲೆ ಉಳಿಯುವುದು ಕೆಲವೇ ಸೆಕೆಂಡು.

ಹಳಿ ಕವಲೊಡೆಯುವ ಪಾಯಿಂಟ್‌ಗಳ ಬಗ್ಗೆ ಯಾರೂ ಮಕ್ಕಳಿಗೆ ಹೇಳುವುದಿಲ್ಲ. ತೆರೆದಾಗ ಅಲ್ಲಿ ಸುಮಾರು 11 ಸೆಂಟಿಮೀಟರ್ ಸಂದು, ಚಪ್ಪಲಿ ಹಾಕಿದ ಕಾಲು ಸಲೀಸಾಗಿ ಇಳಿಯುವಷ್ಟು. ದೂರದ ಕ್ಯಾಬಿನ್ನಿನಲ್ಲಿ ಗುಂಡಿ ಒತ್ತಿದರೆ ಮೋಟಾರು ಅದನ್ನು ಮುಚ್ಚುತ್ತದೆ. ಒತ್ತಿದವನಿಗೆ ಕಾಲು ಕಾಣುವುದಿಲ್ಲ. ಇನ್ನು ಗಂಟೆಗೆ 100 ಕಿಲೋಮೀಟರ್ ವೇಗದ ಲೋಕಲ್ 200 ಮೀಟರ್ ದೂರವನ್ನು 7 ಸೆಕೆಂಡಿನಲ್ಲಿ ಮುಗಿಸುತ್ತದೆ.

ಯಾರಿಗಾದರೂ ಶಾಕ್ ಹೊಡೆದು ಡಬ್ಬಿಯ ಮೇಲೆ ಬಿದ್ದಿದ್ದರೆ ಹತ್ತಿ ಎಳೆಯಲು ಹೋಗಬೇಡಿ, ಎರಡನೆಯವರೂ ಹೋಗುವುದು ಹೀಗೆಯೇ. ಸ್ಟೇಷನ್ ಮಾಸ್ಟರಿಗೆ, ಇಲ್ಲವೇ 139ಕ್ಕೆ ಹೇಳಿ, ಪಕ್ಕದ ಕಂಬದ ಮೇಲಿನ ಸಂಖ್ಯೆಯನ್ನೂ ಓದಿ ಹೇಳಿ. ಜಾಗ ಹುಡುಕಲು ಅದೇ ಗುರುತು. ಲೈನ್ ಬಂದ್ ಮಾಡಿ ಅರ್ಥಿಂಗ್ ಆಯಿತೆಂದು ರೈಲ್ವೆಯವರು ಹೇಳುವ ತನಕ ದೂರವೇ ನಿಲ್ಲಿ.

ಮುಂಬಯಿಯ ಮಕ್ಕಳಿಗೆ ಆಡಲು ಜಾಗವೆಲ್ಲಿದೆ ಎಂಬ ನಿಮ್ಮ ಸಿಟ್ಟು ನ್ಯಾಯವೇ. ಹಳಿಗೆ ಇಳಿದವರಿಗೆ ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆಯೋ ಸಾವಿರ ರೂಪಾಯಿವರೆಗೆ ದಂಡವೋ ಉಂಟು, ಮೈದಾನ ಕೊಡದವರಿಗೆ ಯಾವ ಕಲಮೂ ಇಲ್ಲ. ಸಂಕ್ರಾಂತಿಗೆ ಮೊಮ್ಮಗನ ಕೈಗೆ ಒಂದರ ಬದಲು ಹತ್ತು ಗಾಳಿಪಟ ಕೊಡಿ. ಹರಿದು ಹೋದದ್ದರ ಬೆನ್ನು ಹತ್ತುವುದು ಅರ್ಧ ಕಡಿಮೆಯಾಗುತ್ತದೆ. ದಾರ ಹತ್ತಿಯದ್ದಿರಲಿ, ನೈಲಾನ್ ಮಾಂಜಾಕ್ಕೆ 2017ರಿಂದ ನಿಷೇಧವಿದೆ.

ಹಳಿಯ ಮೇಲೆ ಐದು ಪೈಸೆ ಇಟ್ಟ ಸಾಲುಗಳನ್ನು ನಾವು ಮುಟ್ಟಿಲ್ಲ, ಅವು ಚೆನ್ನಾಗಿದ್ದವು. ಕತ್ತರಿ ಬಿದ್ದ ಪ್ಯಾರಾಕ್ಕೆ ‘ಆಗ 1500 ವೋಲ್ಟ್, ಈಗ 25,000’ ಎಂಬ ಒಂದು ವಾಕ್ಯ ಸೇರಿಸಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಪೂರ್ತಿ ಅಚ್ಚು ಹಾಕುತ್ತೇವೆ.