‘ಸರಿಯಾಗಿ ತಗೋತಿದೀರಾ?’ ಅಂತ ಕೇಳಬೇಡಿ

ಮಾತ್ರೆ ಬಿಡುವವರು, ಬಿಡಬೇಡಿ ಎನ್ನುವವರು, ಅದನ್ನು ಹೇಳಲು ಕಲಿಯುತ್ತಿರುವವರು: ಈ ಸಲದ ಮೂರು ಪ್ರಶ್ನೆಗಳಿಗೆ ಫಾರ್ಮಸಿ ಪ್ರಾಕ್ಟೀಸ್ ಪ್ರಾಧ್ಯಾಪಕರ ಉತ್ತರ.

ಪ್ರಶ್ನೆ: ತಂದೆಗೆ 68 ವರ್ಷ. ಬಿಪಿಗೆ ದಿನಕ್ಕೊಂದು ಆಮ್ಲೋಡಿಪಿನ್ 5 ಮಿ.ಗ್ರಾಂ. ‘ನಾರ್ಮಲ್ ಇದೆಯಲ್ಲ’ ಎಂದು ಆಗಾಗ ಎರಡು ದಿನ ಬಿಡುತ್ತಾರೆ. ಬಿಟ್ಟಾಗ ಅಳೆದರೂ ಅಷ್ಟೇನೂ ಏರಿರುವುದಿಲ್ಲ. ಹೇಗೆ ಒಪ್ಪಿಸುವುದು? – ಹಾಸನದ ಓದುಗರು

ಉತ್ತರ: ಅವರ ಮಾತಿನಲ್ಲಿ ಅರ್ಧ ನಿಜವಿದೆ. ಅದಕ್ಕೇ ವಾದದಲ್ಲಿ ನೀವು ಸೋಲುತ್ತಿದ್ದೀರಿ. ರಕ್ತದಲ್ಲಿ ಆಮ್ಲೋಡಿಪಿನ್ ಅರ್ಧಕ್ಕಿಳಿಯಲು 30ರಿಂದ 50 ಗಂಟೆ ಬೇಕು, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಬಿಟ್ಟ ಮಾರನೇ ದಿನ ಅವರು ನೋಡುವ ‘ನಾರ್ಮಲ್’ ಹಿಂದಿನ ವಾರ ನುಂಗಿದ ಮಾತ್ರೆಗಳದ್ದು. ಪೂರ್ತಿ ನಿಲ್ಲಿಸಿದರೆ ಬಿಪಿ ಸದ್ದಿಲ್ಲದೆ ಏರುತ್ತದೆ. ಮತ್ತೆ ಶುರುಮಾಡಿದರೆ ಔಷಧದ ಮಟ್ಟ ಸ್ಥಿರವಾಗಲು 7–8 ದಿನ ಹಿಡಿಯುತ್ತದೆ. ಈ ಲೆಕ್ಕವನ್ನು ಬಿಪಿಯ ಬೇರೆ ಮಾತ್ರೆಗೆ ಹಚ್ಚಬೇಡಿ. ಕ್ಲೋನಿಡಿನ್ ದಿಢೀರನೆ ನಿಲ್ಲಿಸಿದರೆ ಬಿಪಿ ಒಮ್ಮೆಲೇ ಚಿಮ್ಮುತ್ತದೆ. ಹೃದ್ರೋಗಿಗಳು ಮೆಟೊಪ್ರೊಲಾಲ್ ಹಾಗೆ ನಿಲ್ಲಿಸಿದರೆ ಎದೆನೋವು ಬರಬಹುದು.

ಮರೆತು ಬಿಡುವುದು ಬೇರೆ, ಬೇಕೆಂದೇ ಬಿಡುವುದು ಬೇರೆ. ಏಳು ಖಾನೆಯ ಡಬ್ಬಿ, ಮೊಬೈಲ್ ಅಲಾರಂ ಎಲ್ಲ ಮರೆವಿಗೆ ಮದ್ದು. ನಿಮ್ಮ ತಂದೆ ಮರೆಯುತ್ತಿಲ್ಲ, ತೀರ್ಮಾನ ಮಾಡುತ್ತಿದ್ದಾರೆ. ‘ಸರಿಯಾಗಿ ತಗೋತಿದೀರಾ?’ ಎಂದರೆ ಯಾರಾದರೂ ‘ಹೂಂ’ ಎನ್ನುವವರೇ. ‘ಎಷ್ಟೋ ಜನಕ್ಕೆ ಒಂದೊಂದು ದಿನ ತಪ್ಪುತ್ತಪ್ಪ. ಹೋದ ಏಳು ದಿನದಲ್ಲಿ ನಿಮಗೆ ಎಷ್ಟು ಸಲ ತಪ್ಪಿತು?’ ಎಂದು ಕೇಳಿ, ಸುಮ್ಮನಿದ್ದು ಕಾಯಿರಿ. ‘ಸಂಜೆಗೆ ಚಪ್ಪಲಿ ಬಿಗಿಯಾಗುತ್ತಾ?’ ಅಂತಲೂ ಕೇಳಿ. ಆಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದದ ಗಂಟು ಊದುತ್ತದೆ. ಅದನ್ನು ಯಾರಿಗೂ ಹೇಳದೆ ಮಾತ್ರೆ ಬಿಡುವವರು ಬಹಳ. ಡೋಸ್ ತಗ್ಗಿಸಲು, ಔಷಧ ಬದಲಿಸಲು ವೈದ್ಯರಿಗೆ ದಾರಿಗಳಿವೆ, ಆದರೆ ಊತದ ವಿಷಯ ಅವರ ಕಿವಿಗೆ ಬೀಳಬೇಕು. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಬಸ್ ಪ್ರಯಾಣದ ದಿನ ಬಿಡುವುದೂ ಇದೇ ಜಾತಿಯದು.

ನಿಜ ತಿಳಿಯಲು ಮೆಡಿಕಲ್ ಶಾಪಿನ ಬಿಲ್ಲು ನೋಡಿ. 30 ಮಾತ್ರೆ 42 ದಿನ ಬಂದಿದ್ದರೆ ತಗೊಂಡಿದ್ದು ಶೇ 71. ಸಂಶೋಧನೆಗಳಲ್ಲಿ ಸಾಮಾನ್ಯವಾಗಿ ಶೇ 80 ದಾಟಿದರೆ ‘ಪರವಾಗಿಲ್ಲ’ ಎನ್ನುತ್ತಾರೆ. ಸ್ಟ್ರಿಪ್ಪಿನಲ್ಲಿ 10 ಇದೆಯೋ 15 ಇದೆಯೋ ಮೊದಲು ನೋಡಿಕೊಳ್ಳಿ, ಇಲ್ಲದಿದ್ದರೆ ಲೆಕ್ಕ ತಪ್ಪಿ ಸುಮ್ಮನೆ ಮನಸ್ತಾಪ. ಆಮೇಲೆ ಒಂದು ವಾರ, ದಿನವೂ ಬೆಳಿಗ್ಗೆ ಮಾತ್ರೆಗೆ ಮುಂಚೆ, ಐದು ನಿಮಿಷ ಕೂತು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಬಿಪಿ ಅಳೆದು ಅವರ ಕೈಯಲ್ಲೇ ಬರೆಸಿ. ಆ ಹಾಳೆಯನ್ನು ಮುಂದಿನ ಸಲ ವೈದ್ಯರ ಮುಂದಿಡಿ.

ಪ್ರಶ್ನೆ: ಫಾರ್ಮಸಿಯ ಆರು ವರ್ಷದ ಕೋರ್ಸ್ ಫಾರ್ಮ್ ಡಿಯ ಐದನೇ ವರ್ಷದಲ್ಲಿದ್ದೇನೆ. ಹೇಳಿದ್ದನ್ನು ರೋಗಿಯಿಂದ ತಿರುಗಿ ಹೇಳಿಸಿ ಎನ್ನುತ್ತಾರೆ ನಮ್ಮ ಮೇಡಂ. ಕೇಳಿದರೆ ರೋಗಿಗಳು ಪರೀಕ್ಷೆ ಅಂದುಕೊಂಡು ಮುಜುಗರಪಡುತ್ತಾರೆ. – ದಾವಣಗೆರೆಯ ವಿದ್ಯಾರ್ಥಿನಿ

ಉತ್ತರ: ಪರೀಕ್ಷೆ ನಿಮ್ಮದು ಎನ್ನುವಂತೆ ಕೇಳಿ. ‘ಅಜ್ಜಿ, ನಾನು ಸರಿಯಾಗಿ ಹೇಳಿದೆನೋ ಇಲ್ವೋ ಗೊತ್ತಾಗ್ಬೇಕು. ಮನೇಲಿ ಸೊಸೆ ಕೇಳಿದ್ರೆ ಈ ಮಾತ್ರೆ ಯಾವಾಗ ಅಂತ ಹೇಳ್ತೀರಿ?’ ತಪ್ಪು ಬಂದರೆ ಅದೇ ವಾಕ್ಯವನ್ನು ಜೋರಾಗಿ ಹೇಳಬೇಡಿ. ಬೇರೆ ಮಾತಲ್ಲಿ ಹೇಳಿ, ಮತ್ತೊಮ್ಮೆ ಕೇಳಿ.

ಎಲ್ಲಿ ಎಡವುತ್ತಾರೆ ಎನ್ನುವುದಕ್ಕೆ ಥೈರಾಯ್ಡ್ ಮಾತ್ರೆ ಥೈರಾಕ್ಸಿನ್ ನೋಡಿ. ‘ಖಾಲಿ ಹೊಟ್ಟೇಲಿ’ ಎಂದರೆ ತಿಂಡಿಗೆ ಮುಂಚೆ ಎಂದಷ್ಟೇ ಅರ್ಥ ಮಾಡಿಕೊಳ್ಳುತ್ತಾರೆ. ನಮ್ಮಲ್ಲಿ ಕಾಫಿಯನ್ನು ಹೊಟ್ಟೆಗೆ ಹಾಕಿಕೊಂಡ ಲೆಕ್ಕಕ್ಕೇ ಹಿಡಿಯುವುದಿಲ್ಲ, ಆದರೆ ಮಾತ್ರೆ ಮೈಗೆ ಹತ್ತುವುದನ್ನು ತಗ್ಗಿಸುವುದು ಅದೇ ಕಾಫಿ. ಆದ್ದರಿಂದ: ‘ಎದ್ದು ನೀರಲ್ಲಿ ಮಾತ್ರೆ, ಕಾಫಿ ಅರ್ಧದಿಂದ ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ನಾಲ್ಕು ಗಂಟೆ ಬಿಟ್ಟು.’

ರೋಟಾಕ್ಯಾಪ್ (ಸಾಧನದಲ್ಲಿಟ್ಟು ಒಳಗಿನ ಪುಡಿಯನ್ನು ಉಸಿರಿನಲ್ಲಿ ಎಳೆಯುವ ಕ್ಯಾಪ್ಸೂಲ್) ಆದರೆ ಬಾಯಿಮಾತು ಸಾಲದು, ನೋಡಲು ಮಾತ್ರೆಯಂತಿರುವುದರಿಂದ ನುಂಗುವವರಿದ್ದಾರೆ. ಅವರ ಕೈಗೇ ಸಾಧನ ಕೊಟ್ಟು ಮಾಡಿಸಿ. ಮೊದಲು ಉಸಿರು ಹೊರಗೆ ಬಿಡಬೇಕು, ಸಾಧನದೊಳಕ್ಕಲ್ಲ. ಊದಿದರೆ ಪುಡಿ ಒದ್ದೆಯಾಗಿ ಮುದ್ದೆಯಾಗುತ್ತದೆ. ಆಮೇಲೆ ಜೋರಾಗಿ, ಆಳವಾಗಿ ಎಳೆದು, ಹತ್ತು ಎಣಿಸುವವರೆಗೆ ತಡೆಹಿಡಿಯುವುದು. ಒಳಗೆ ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯುವುದು. ಸ್ಟೀರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಿ ಉಗುಳಲೇಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಅಗ್ರ ಬರಬಹುದು.

2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯಲ್ಲಿ ರೋಗಿಗೆ ಹೇಳಬೇಕಾದವುಗಳ ಉದ್ದ ಪಟ್ಟಿಯೇ ಇದೆ. ಒಂದೇ ಉಸಿರಿನಲ್ಲಿ ಒಪ್ಪಿಸಿದರೆ ಒಂದೂ ಉಳಿಯುವುದಿಲ್ಲ. ಆ ದಿನಕ್ಕೆ ಮುಖ್ಯವಾದ ಎರಡು ಮೂರು ಆರಿಸಿ, ಉಳಿದದ್ದು ಚೀಟಿಯಲ್ಲಿ ಇರಲಿ. ಫಾರ್ಮ್ ಡಿ ನಮ್ಮಲ್ಲಿ ಬಂದದ್ದು 2008ರಲ್ಲಿ, ಆರನೇ ವರ್ಷ ಪೂರ್ತಿ ಇಂಟರ್ನ್‌ಶಿಪ್. ಆದರೂ ವಿದ್ಯಾರ್ಥಿ ಎಷ್ಟು ಹೇಳಿದ ಎನ್ನುವುದಕ್ಕೆ ಅಂಕ ಕೊಡುವ ಚಾಳಿ ಹೋಗಿಲ್ಲ. ರೋಗಿ ಎಷ್ಟು ತಿರುಗಿ ಹೇಳಿದರು ಎನ್ನುವುದಕ್ಕೆ ಕೊಡಬೇಕು. ನಿಮ್ಮ ಮೇಡಂ ಸರಿಯಾಗೇ ಹೇಳಿದ್ದಾರೆ.

ಪ್ರಶ್ನೆ: ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಎಸ್‌ಆರ್ (ಔಷಧವನ್ನು ನಿಧಾನವಾಗಿ ಬಿಡುವ ಮಾತ್ರೆ) ತಗೊಳ್ಳುತ್ತೇನೆ. ಮಲದಲ್ಲಿ ಮಾತ್ರೆ ಇಡಿಯಾಗಿ ಬಂದಂತಿದೆ. ನಿಲ್ಲಿಸಲೇ? – ಶಿರಸಿ

ಉತ್ತರ: ಬೇಡ. ಅದು ಸಾಮಾನ್ಯವಾಗಿ ಬರೀ ಕವಚ, ಔಷಧ ಒಳಗೆ ನಿಧಾನವಾಗಿ ಇಳಿದಾಗಿದೆ. ಹಾಗಂತ ಮುರಿದು, ಜಗಿದು ತಗೊಳ್ಳಬೇಡಿ. ಇಡೀ ದಿನದ್ದು ಒಮ್ಮೆಲೇ ಇಳಿದು ಹೊಟ್ಟೆ ಕೆಡುತ್ತದೆ. ಜೊತೆಗೆ ದಿನವೂ ಬೇಧಿಯಾಗುತ್ತಿದ್ದರೆ ಅಥವಾ ಶುಗರ್ ಏರುತ್ತಿದ್ದರೆ ವೈದ್ಯರಿಗೆ ತಿಳಿಸಿ.