ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ವಾಪಸ್ ಹೋಗ್ತಿದೀನಿ, ಮಗುಗೆ ಎದೆಹಾಲು ಬಿಡಿಸಲೇಬೇಕಾ?

ಬಿಡಿಸಬೇಡಿ. ಮಗುಗೆ ಐದೂವರೆ ತಿಂಗಳು, ಇನ್ನು ಹದಿನೈದು ದಿನಕ್ಕೆ ಆಫೀಸು, ಮನೇಲಿ ಈಗಿಂದ್ಲೇ ಡಬ್ಬದ ಹಾಲು ರೂಢಿ ಮಾಡು ಅಂತಿದಾರೆ, ಆಫೀಸಲ್ಲಿ ಜಾಸ್ತಿ ಗಂಡಸರೇ ಇರೋದ್ರಿಂದ ಕೇಳೋಕೆ ಮುಜುಗರ, ಬಸ್ಸಲ್ಲಿ ಒಂದ್ಸಲ ಕುಡಿಸೋಕೆ ಹೋಗಿ ಎದುರು ನಿಂತವನು ನೋಡಿದ ರೀತಿಗೆ ಮನೆಗೆ ಬಂದು ಅತ್ತುಬಿಟ್ಟೆ ಅಂತ ಬರ್ದಿದೀರಲ್ಲ, ಅದಷ್ಟೂ ನಂಗೆ 2022ರಲ್ಲಿ ಆಗಿತ್ತು. ಆದ್ರೂ ನನ್ನ ಮಗಳು ಎರಡು ವರ್ಷ ತುಂಬೋವರೆಗೂ ಕುಡಿದ್ಲು, ನಾನು ಕೆಲಸವನ್ನೂ ಬಿಡ್ಲಿಲ್ಲ. ಸುಲಭವಾಗಿ ಆಯ್ತು ಅಂತ ಹೇಳಲ್ಲ, ಮೊದಲ ವಾರ ತುಂಬಾ ಕಷ್ಟ ಆಯ್ತು, ಆ ವಾರ ನಿಮಗೆ ಬರಬಾರದು ಅಂತಾನೇ ಇಷ್ಟು ಉದ್ದ ಬರೀತಿದೀನಿ.

ನಾನು ಪೀಣ್ಯದಲ್ಲಿ ಒಂದು ಸಣ್ಣ ಕಂಪನಿಯ ಅಕೌಂಟ್ಸ್‌ನಲ್ಲಿದೀನಿ, ಎಲ್ಲಾ ಸೇರಿ ನಲವತ್ತು ಜನ, ಮನೆ ನೆಲಮಂಗಲ. ವಾಪಸ್ ಹೋದ ಮೊದಲ ದಿನ ಬೆಳಗ್ಗೆ ಏಳೂವರೆಗೆ ಮಗುಗೆ ಕುಡಿಸಿ ಹೊರಟಿದ್ದೆ, ಹನ್ನೊಂದು ಗಂಟೆ ಹೊತ್ತಿಗೆ ಎದೆ ಕಲ್ಲಾಗಿತ್ತು. ಹೇಗೋ ಊಟದವರೆಗೆ ತಡ್ಕೊಳ್ಳೋಣ ಅಂತ ಕೂತಿದ್ದೆ, ಎದುರು ಟೇಬಲ್ಲಿನವರ ಮೊಬೈಲಲ್ಲಿ ಯಾವುದೋ ವಿಡಿಯೋದಲ್ಲಿ ಒಂದು ಮಗು ಅತ್ತಿದ್ದು ಕೇಳಿಸ್ತು ಅಷ್ಟೇ, ಹಾಲು ಇಳಿದು ಕುರ್ತಾ ಎರಡೂ ಕಡೆ ಒದ್ದೆ. ವೇಲ್ ಮುಂದಕ್ಕೆ ಎಳ್ಕೊಂಡು ಟಾಯ್ಲೆಟ್‌ಗೆ ಓಡಿದೆ. ಅಲ್ಲಿ ಚಿಲಕ ಸರಿ ಇಲ್ಲ, ಒಂದು ಕಾಲಲ್ಲಿ ಬಾಗಿಲು ಒತ್ತಿ ಹಿಡ್ಕೊಂಡು ಕೈಯಲ್ಲಿ ಹಿಂಡಿ ಹಿಂಡಿ ಬೇಸಿನ್ನಿಗೆ ಬಿಟ್ಟೆ. ಅಲ್ಲಿ ಮನೇಲಿ ಮಗು ಹಸಿದು ಅಳ್ತಿರುತ್ತೆ, ಇಲ್ಲಿ ಅದರ ಹಾಲು ನಲ್ಲಿ ನೀರಿನ ಜೊತೆ ಹೋಗ್ತಿದೆ. ಅದನ್ನ ನೋಡ್ತಾ ನಿಂತಿದ್ದು ಇವತ್ತಿಗೂ ಕಣ್ಮುಂದೆ ಇದೆ.

ಮೂರನೇ ದಿನಕ್ಕೆ ಹಾಲು ಕಟ್ಟಿಕೊಂಡು ಚಳಿ ಜ್ವರ ಬಂತು. ಲೇಡಿ ಡಾಕ್ಟರ್ ಹತ್ರ ಹೋದ್ರೆ ಅವರು ಕೇಳಿದ ಮೊದಲ ಪ್ರಶ್ನೆನೇ ಆಫೀಸಲ್ಲಿ ಎಷ್ಟು ಸಲ ಹಾಲು ತೆಗೀತೀಯಮ್ಮ ಅಂತ. ಎದೆಹಾಲು ಮಗು ಕುಡಿದಷ್ಟು, ಇಲ್ಲಾ ನಾವು ತೆಗೆದಷ್ಟು ಮತ್ತೆ ಉತ್ಪತ್ತಿ ಆಗುತ್ತೆ, ತುಂಬಿದ್ದನ್ನ ಹಾಗೇ ಬಿಟ್ರೆ ದೇಹ ಇನ್ನು ಬೇಡವೇನೋ ಅಂತ ಕಮ್ಮಿ ಮಾಡ್ಕೊಂಡು ಬರುತ್ತೆ, ಕಟ್ಟಿಕೊಂಡ್ರೆ ಬಾವು ಬರುತ್ತೆ, ಅದಕ್ಕೇ ಮೂರು ಗಂಟೆಗೊಂದ್ಸಲ ತೆಗೀಲೇಬೇಕು ಅಂದ್ರು. ಕೆಲಸಕ್ಕೆ ಹೋದ್ಮೇಲೆ ನಂಗೆ ಹಾಲೇ ಬತ್ತೋಯ್ತು ಅಂತ ಎಷ್ಟು ಜನ ಹೇಳೋದು ಕೇಳಿಲ್ಲ ನಾವು? ತುಂಬಾ ಜನಕ್ಕೆ ಅದು ತಾನಾಗೇ ಬತ್ತೋದಲ್ಲ, ತೆಗಿಯೋಕೆ ಒಂದು ಜಾಗ ಮತ್ತೆ ಇಪ್ಪತ್ತು ನಿಮಿಷ ಸಿಗದೆ ಬತ್ತೋದು.

ಜಾಗ ನಂಗೆ ಸಿಕ್ಕಿದ್ದು ನಮ್ಮ ಹೌಸ್‌ಕೀಪಿಂಗ್ ಅಕ್ಕನಿಂದ. ಟಾಯ್ಲೆಟ್ಟಿಂದ ಕೆಂಪು ಕಣ್ಣಲ್ಲಿ ಬಂದಿದ್ದು ನೋಡಿ ಏನೂ ಕೇಳದೇನೇ ರೆಕಾರ್ಡ್ ರೂಮ್ ಬೀಗ ತೆಗೆದು, ಹಳೇ ಫೈಲ್ ಕಟ್ಟುಗಳನ್ನ ಸರಿಸಿ ಒಂದು ಸ್ಟೂಲ್ ಹಾಕಿ, ಒದ್ದೆ ಬಟ್ಟೇಲಿ ಒರೆಸಿಕೊಟ್ರು. ಆಮೇಲೆ ನಾನು ಒಳಗಿರೋಷ್ಟು ಹೊತ್ತೂ ಟೀ ಲೋಟ ಒರೆಸ್ತಾ ಬಾಗಿಲ ಹೊರಗೆ ಕೂತಿರೋರು, ಯಾರಾದ್ರೂ ಫೈಲ್ ಬೇಕು ಅಂತ ಬಂದ್ರೆ "ಒಳಗೆ ಕೂಸಿನ ಕೆಲ್ಸ ನಡೀತೈತೆ, ಆಮೇಲ್ ಬನ್ನಿ ಸಾರ್" ಅಂತ ಅಷ್ಟು ಸಹಜವಾಗಿ ಹೇಳೋರು. ಅವರು ಹಾಗೆ ಹೇಳೋದು ಕೇಳಿ ಕೇಳಿನೇ ನನ್ನ ನಾಚಿಕೆ ಹೋಗಿದ್ದು. ನಿಮ್ಮ ಆಫೀಸಲ್ಲೂ ಇಂಥವರು ಒಬ್ಬರು ಇದ್ದೇ ಇರ್ತಾರೆ, ಮೊದಲು ಅವರನ್ನ ಹುಡುಕಿ.

ಆಮೇಲೆ ಬರವಣಿಗೆಯಲ್ಲಿ ಕೇಳಿ, ಬಾಯಿಮಾತಲ್ಲಿ ಬೇಡ. ಹೆರಿಗೆ ಸೌಲಭ್ಯ ಕಾಯ್ದೆ 1961ರ 11ನೇ ಸೆಕ್ಷನ್ ಪ್ರಕಾರ ಮಗುಗೆ 15 ತಿಂಗಳು ಆಗೋವರೆಗೆ ದಿನಕ್ಕೆ ಎರಡು ಬಿಡುವು ತಾಯಿಯ ಹಕ್ಕಾಗಿತ್ತು, ಅದೂ ಊಟದ ಬಿಡುವು ಬಿಟ್ಟು. 2025ರ ನವೆಂಬರಿಂದ ಆ ಕಾಯ್ದೆ ಜಾಗಕ್ಕೆ ಬಂದಿರೋ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಹಕ್ಕು ಹಾಗೇ ಇದೆ, ಪತ್ರದಲ್ಲಿ ಅದರ ಹೆಸರು ಹಾಕಿ. 2017ರ ತಿದ್ದುಪಡಿ ಆದ್ಮೇಲೆ 50 ಜನ ಅಥವಾ ಅದಕ್ಕಿಂತ ಜಾಸ್ತಿ ಇರೋ ಕಡೆ ಶಿಶುಪಾಲನಾ ಕೇಂದ್ರ ಇರ್ಬೇಕು, ದಿನಕ್ಕೆ ನಾಲ್ಕು ಸಲ ತಾಯಿ ಹೋಗಿ ಮಗು ನೋಡ್ಕೊಂಡು ಬರೋಕೆ ಬಿಡ್ಬೇಕು, ನಿಮ್ಮದು ದೊಡ್ಡ ಕಂಪನಿ ಆಗಿದ್ರೆ ಇದನ್ನ ಕೇಳೋಕೆ ಮರೀಬೇಡಿ. ನಮ್ಮದು ನಲವತ್ತು ಜನ ಅಲ್ವಾ, ಅದಕ್ಕೇ ನಾನು ಬಿಡುವು ಮಾತ್ರ ಕೇಳಿದ್ದು. ಬೆಳಗ್ಗೆ 11 ಗಂಟೆಗೆ ಮತ್ತೆ ಮಧ್ಯಾಹ್ನ 3.30ಕ್ಕೆ ಇಪ್ಪತ್ತಿಪ್ಪತ್ತು ನಿಮಿಷ, ರೆಕಾರ್ಡ್ ರೂಮ್ ಬಳಸೋಕೆ ಅನುಮತಿ, ಒಳಗಡೆ ಒಂದು ಚಿಲಕ, ಇಷ್ಟೇ ನಾಲ್ಕು ಸಾಲು. ಮ್ಯಾನೇಜರ್ ಓದಿ, ಕಾಯ್ದೆಯಲ್ಲಿ ಮಗುಗೆ ಹಾಲು ಕುಡಿಸೋಕೆ ಅಂತ ಇರೋದು, ನಿಮ್ಮ ಮಗು ಇಲ್ಲಿಲ್ವಲ್ಲ ಅಂದ್ರು. ಈ ಹಾಲು ಸಂಜೆ ಹೋಗೋದು ಮಗು ಹೊಟ್ಟೆಗೇ ಸಾರ್, ಮಗುನ ಇಲ್ಲಿಗೆ ಕರ್ಕೊಂಡು ಬಂದು ಕುಡಿಸ್ತೀನಿ ಅಂದ್ರೆ ಅದಕ್ಕೂ ನಾನು ತಯಾರು ಅಂದೆ. ಎರಡು ದಿನ ಬಿಟ್ಟು ಸಹಿ ಹಾಕಿ ಕೊಟ್ರು, ಚಿಲಕಾನೂ ಬಂತು. ಕಾಗದ ಕೈಯಲ್ಲಿ ಇಲ್ದೇ ಹೋಗಿದ್ರೆ ತಿಂಗಳ ಕೊನೆ ಕ್ಲೋಸಿಂಗ್ ಟೈಮಲ್ಲಿ ಆ ಬಿಡುವು ಖಂಡಿತ ಉಳೀತಿರ್ಲಿಲ್ಲ.

ಪ್ಯಾಂಟ್ರಿ ಫ್ರಿಜ್ಜಲ್ಲಿ ಇಟ್ಟಾಗ ಒಬ್ಬರು ನಮ್ಮ ಟಿಫನ್ ಬಾಕ್ಸ್ ಪಕ್ಕ ಇದನ್ನ ಇಡ್ತೀರಾ ಅಂತ ಮುಖ ಸಿಂಡರಿಸಿದ್ರು, ತುಂಬಾ ನೋವಾಯ್ತು. ಅಲ್ಲೇ ಹಸುವಿನ ಹಾಲಿನ ಪ್ಯಾಕೆಟ್ ಇತ್ತು, ಅದಕ್ಕೆ ಯಾರೂ ಏನೂ ಅಂತಿರ್ಲಿಲ್ಲ. ಮಾರನೇ ದಿನದಿಂದ ಒಂದು ಮುಚ್ಚಳದ ಡಬ್ಬಿ ಒಳಗಡೆ ಬಾಟಲಿ ಇಟ್ಟು ಮೇಲೆ ಹೆಸರು ತಾರೀಖು ಬರೆದು ಇಟ್ಟೆ. ಫ್ರಿಜ್ ಇಲ್ಲ ಅಂದ್ರೆ ಐಸ್ ಪ್ಯಾಕ್ ಹಾಕಿದ ಸಣ್ಣ ಬ್ಯಾಗ್ ಸಾಕು. ಹೊರಗಡೆ ಮಾಮೂಲಿ ಬಿಸಿಲಿಲ್ಲದ ಜಾಗದಲ್ಲಿ 4 ಗಂಟೆ, ಫ್ರಿಜ್ಜಲ್ಲಿ 4 ದಿನ ಇರುತ್ತೆ, ಆದ್ರೆ ಬಾಗಿಲ ಹತ್ರ ಇಡಬೇಡಿ, ಒಳಗಡೆ ಹಿಂದಕ್ಕೆ ಇಡಿ. ಕಾಯಿಸಬಾರದು, ಬಿಸಿ ನೀರಿನ ಬಟ್ಟಲಲ್ಲಿ ಬಾಟಲಿ ಇಟ್ರೆ ಅದೇ ಬೆಚ್ಚಗಾಗುತ್ತೆ. ಪಂಪ್ ಇಲ್ದಿದ್ರೂ ನಡೆಯುತ್ತೆ, ನಾನು ಮೊದಲ ಎರಡು ತಿಂಗಳು ಕೈಯಲ್ಲೇ ತೆಗೆದಿದ್ದು. ಕೈ ಚೆನ್ನಾಗಿ ತೊಳ್ಕೊಂಡು, ಹೆಬ್ಬೆರಳು ಮೇಲೆ ಉಳಿದ ಬೆರಳು ಕೆಳಗೆ ಬರೋಹಾಗೆ ಕಪ್ಪು ಭಾಗದ ಸ್ವಲ್ಪ ಹಿಂದೆ ಹಿಡಿದು, ಮೊದಲು ಎದೆ ಕಡೆಗೆ ಒತ್ತಿ ಆಮೇಲೆ ಬೆರಳು ಎರಡೂ ಸೇರಿಸಿ ಅಮುಕಬೇಕು, ತೊಟ್ಟು ಹಿಡಿದು ಎಳೆದ್ರೆ ನೋವಾಗುತ್ತೆ, ಹಾಲೂ ಬರಲ್ಲ. ಮಗಳ ಫೋಟೋ ನೋಡ್ಕೊಂಡು ತೆಗೆದ್ರೆ ನಂಗೆ ಬೇಗ ಇಳೀತಿತ್ತು.

ಮನೆಯವರನ್ನೂ ತಯಾರು ಮಾಡಿ, ಅದು ಆಫೀಸಿಗಿಂತ ದೊಡ್ಡ ಕೆಲಸ. ನಮ್ಮತ್ತೆ ಒಳ್ಳೆಯವರು, ಬಾಣಂತನದಲ್ಲಿ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯದ ಗಂಜಿ ಅಂತ ಹಾಲು ಬರ್ಲಿ ಅಂತಾನೇ ಅಷ್ಟು ಮಾಡಿಕೊಟ್ಟವರು, ಆದ್ರೆ ಹಿಂಡಿಟ್ಟ ಹಾಲು ತಂಗಳು ಅನ್ನೋದು ಅವರ ನಂಬಿಕೆ. ಒಂದಿನ ನಾನು ತಂದಿಟ್ಟ ಬಾಟಲಿಯಲ್ಲಿ ಮೇಲೆ ಕೆನೆ ಕೆಳಗೆ ನೀರಿನ ಥರ ಬೇರೆ ಬೇರೆ ಆಗಿದ್ದು ನೋಡಿ ಒಡೆದುಹೋಗಿದೆ ಅಂತ ಸಿಂಕಿಗೆ ಸುರಿದುಬಿಟ್ರು. ಎರಡು ಬಿಡುವಲ್ಲಿ ತೆಗೆದಿದ್ದು ಅದು. ನಾನು ಜೋರಾಗಿ ಅತ್ತೆ, ಅವರೂ ಗಾಬರಿ ಆದ್ರು. ಮಾರನೇ ದಿನ ಅವರ ಎದುರಿಗೇ ಇನ್ನೊಂದು ಬಾಟಲಿ ನಿಧಾನಕ್ಕೆ ತಿರುಗಿಸಿ ತೋರಿಸಿದೆ, ಕೆನೆ ಬೆರೆತು ಮತ್ತೆ ಹಾಲಾಯ್ತು, ಒಂದು ಹನಿ ನಾಲಿಗೆ ಮೇಲೆ ಹಾಕ್ಕೊಂಡು ನೋಡಿದ್ರು. ಅವತ್ತಿಂದ ಅವರೇ ಒಳಲೆ, ಅಂದ್ರೆ ಮಗುಗೆ ಹಾಲು ಕುಡಿಸೋ ಮೂತಿ ಇರೋ ಪುಟ್ಟ ಬಟ್ಟಲು, ತೊಳೆದು ಕುದಿಸಿ ಇಟ್ಟು, ಮಗುನ ತೊಡೆ ಮೇಲೆ ಹಾಕ್ಕೊಂಡು ಕುಡಿಸೋರು. ಬಾಟಲಿ ನಿಪ್ಪಲ್‌ಗಿಂತ ಒಳಲೆ ನಂಗೆ ತುಂಬಾ ಇಷ್ಟ ಆಯ್ತು, ಸಂಜೆ ನಾನು ಬಂದಾಗ ಮಗು ಎದೆ ಹಿಡಿಯೋಕೆ ಗೋಳಾಡಲಿಲ್ಲ.

ಇನ್ನೊಂದು ಸಮಾಧಾನದ ವಿಷಯ. ಆರು ತಿಂಗಳವರೆಗೆ ಎದೆಹಾಲು ಮಾತ್ರ, ಆಮೇಲೆ ಊಟದ ಜೊತೆ ಎರಡು ವರ್ಷ ಅಥವಾ ಇನ್ನೂ ಮುಂದೆ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು. ನೀವು ಆಫೀಸಿಗೆ ಹೋಗೋ ಹೊತ್ತಿಗೆ ಸರಿಯಾಗಿ ಆರು ತಿಂಗಳು ತುಂಬಿ ರಾಗಿ ಸರಿ ಶುರು ಆಗಿರುತ್ತೆ, ಹಗಲು ಪೂರ್ತಿ ಹಾಲೇ ಸಾಲಬೇಕು ಅಂತಿಲ್ಲ. ಕಾನೂನು ಕೊಡೋ 26 ವಾರದ ಹೆರಿಗೆ ರಜೆಯಲ್ಲಿ ಹೆರಿಗೆಗೆ ಮುಂಚೆನೇ 8 ವಾರ ತಗೊಂಡವರಿಗೆ ಉಳಿಯೋದು 18 ವಾರ, ನಾಲ್ಕು ತಿಂಗಳ ಕೂಸು ಬಿಟ್ಟು ಬರೋ ಅವರ ಕಷ್ಟ ನಮ್ಮದಕ್ಕಿಂತ ಎಷ್ಟೋ ಜಾಸ್ತಿ. ಮನೆಕೆಲಸದವರು, ಕಟ್ಟಡ ಕೆಲಸದವರಿಗೆ ಈ 26 ವಾರದ ಹೆಸರೇ ಗೊತ್ತಿರಲ್ಲ. ಹಳ್ಳಿ ಕಡೆ ನರೇಗಾ ಕೆಲಸಕ್ಕೆ ಹೋಗೋರ ಮಕ್ಕಳಿಗೆ ಗ್ರಾಮ ಪಂಚಾಯ್ತಿಗಳಲ್ಲಿ ಕೂಸಿನ ಮನೆ ಅಂತ ಮಾಡಿದಾರಲ್ಲ, ಅಂಥದ್ದು ಪೀಣ್ಯದಂಥ ಕಡೆ ಬೀದಿಗೊಂದು ಬೇಕು ಅಂತ ನಂಗೆ ಯಾವಾಗ್ಲೂ ಅನ್ಸುತ್ತೆ.

ಬಸ್ಸಿನ ವಿಷಯಕ್ಕೆ ಬರ್ತೀನಿ. ನೀವು ಯಾವ ತಪ್ಪೂ ಮಾಡ್ಲಿಲ್ಲ. ನಮ್ಮ ಕರ್ನಾಟಕ ಹೈಕೋರ್ಟ್ 2021ರಲ್ಲಿ, ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಅವರ ತೀರ್ಪು, ಹಾಲೂಡಿಸೋದು ತಾಯಿಯ ಕಸಿಯಲಾಗದ ಹಕ್ಕು, ಸಂವಿಧಾನದ 21ನೇ ವಿಧಿಯಲ್ಲೇ ಅದು ಬರುತ್ತೆ, ಕುಡಿಯೋ ಹಕ್ಕು ಮಗುಗೂ ಇದೆ ಅಂತ ಹೇಳಿದೆ. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಲ್ಲಿ ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದ ಪೀಠ, ಸಾರ್ವಜನಿಕ ಜಾಗದಲ್ಲಿ ಕೆಲಸದ ಜಾಗದಲ್ಲಿ ಹಾಲುಣಿಸೋದನ್ನ ಕಳಂಕದ ಥರ ನೋಡಬಾರದು ಅಂತ ಸ್ಪಷ್ಟವಾಗಿ ಹೇಳಿ, ಹಾಲುಣಿಸೋಕೆ ಪ್ರತ್ಯೇಕ ಕೋಣೆಗಳ ಬಗ್ಗೆ ರಾಜ್ಯಗಳಿಗೆ ಒತ್ತಿ ಹೇಳೋಕೆ ಕೇಂದ್ರಕ್ಕೆ ಸೂಚನೆ ಕೊಡ್ತು. ಕೋಣೆ ಬೇಕು, ನನ್ನ ಥರ ಹಾಲು ತೆಗಿಯೋರಿಗಂತೂ ತುಂಬಾನೇ ಬೇಕು. ಆದ್ರೆ ಕೋಣೆ ಇದೆಯಲ್ಲ ಅಲ್ಲಿಗೇ ಹೋಗು ಅನ್ನೋ ಮಾತು ಶುರು ಆಗಬಾರದು, ಹಸಿದ ಮಗು ಕೋಣೆ ಸಿಗೋವರೆಗೆ ಕಾಯಲ್ಲ. ನಮ್ಮಜ್ಜಿ ಜಗಲಿ ಮೇಲೆ ನಾಲ್ಕು ಜನರ ಜೊತೆ ಮಾತಾಡ್ತಾ ಕುಡಿಸ್ತಿದ್ರಂತೆ, ಸಂತೆಯಲ್ಲಿ ತರಕಾರಿ ಗುಡ್ಡೆ ಹಿಂದೆ ಕೂತು ಕುಡಿಸೋರನ್ನ ನಾನೇ ನೋಡಿದೀನಿ, ಯಾರೂ ತಿರುಗಿ ನೋಡಲ್ಲ.

ನಂಗೂ ಜಾಲಹಳ್ಳಿ ಕ್ರಾಸ್ ಹತ್ರ ಬಸ್ ಟ್ರಾಫಿಕ್ಕಲ್ಲಿ ನಿಂತಾಗ ಮಗು ಕಿರುಚೋಕೆ ಶುರು ಮಾಡಿತ್ತು, ನಾನು ಸುಮ್ನೆ ತಟ್ತಾ ಕೂತಿದ್ದೆ. ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಕೊಂಡಿದ್ದ ಒಬ್ಬರು ಅಮ್ಮ ಎದ್ದು "ಕಿಟಕಿ ಪಕ್ಕಕ್ ಬಾರವ್ವ" ಅಂದು ನನ್ನ ಒಳಗೆ ಕೂರಿಸಿ, ಬುಟ್ಟಿ ತೊಡೆ ಮೇಲಿಟ್ಕೊಂಡು ನನಗೆ ಅಡ್ಡವಾಗಿ ತಿರುಗಿ ಕೂತು ಹೂ ಕಟ್ತಾ ಹೋದ್ರು. ನನ್ನ ಕಡೆ ನೋಡಲೂ ಇಲ್ಲ. ದಾಸರಹಳ್ಳಿ ಬರೋ ಹೊತ್ತಿಗೆ ಮಗು ನಿದ್ದೆ ಮಾಡಿತ್ತು. ಇದನ್ನ ಓದೋ ಬೇರೆಯವರಿಗೂ ಹೇಳ್ತೀನಿ, ಗಂಡಸರಿಗೂ, ಇಷ್ಟು ಮಾಡಿ ಸಾಕು, ಸೀಟು ಬಿಡಿ, ಆ ಕಡೆ ತಿರುಗಿ.

ನೀವು ಮಾಡಬೇಕಾಗಿರೋದು ಇಷ್ಟು. ಪತ್ರ ಈ ವಾರಾನೇ ಕಳಿಸಿ, ಸೇರೋ ದಿನದವರೆಗೆ ಕಾಯಬೇಡಿ. ದಿನಾ ಬೆಳಗ್ಗೆ ಮಗು ಕುಡಿದಾದ್ಮೇಲೆ ಇನ್ನೊಂದು ಕಡೆಯಿಂದ ಸ್ವಲ್ಪ ತೆಗೆದು ಅಭ್ಯಾಸ ಮಾಡ್ಕೊಳ್ಳಿ, ಮೊದಲ ದಿನ ಎರಡು ಚಮಚ ಬಂದ್ರೂ ಬೇಜಾರಾಗಬೇಡಿ, ಹಾಗೇ ಶುರುವಾಗೋದು. ಆಫೀಸಿಗೆ ಹೂವಿನ ಡಿಸೈನ್ ಇರೋ ಗಾಢ ಬಣ್ಣದ ಕುರ್ತಾ ಹಾಕ್ಕೊಳ್ಳಿ, ಒದ್ದೆ ಕಾಣಲ್ಲ, ಒಳಗೆ ಮಡಿಸಿದ ಕಾಟನ್ ಬಟ್ಟೆ ಇಟ್ಕೊಳ್ಳಿ, ಬ್ಯಾಗಲ್ಲಿ ಇನ್ನೊಂದು ಟಾಪ್ ಇರ್ಲಿ. ಆಮೇಲೆ ಸಾಧ್ಯ ಆದ್ರೆ ಸೋಮವಾರ ಸೇರಬೇಡಿ, ಗುರುವಾರ ಸೇರ್ಕೊಳ್ಳಿ. ಮೂರು ದಿನ ಹೋಗಿ ಬಂದ್ರೆ ಭಾನುವಾರ ಬರುತ್ತೆ, ಅವತ್ತು ಅಡುಗೆ ಬಟ್ಟೆ ಎಲ್ಲಾ ಬೇರೆಯವರಿಗೆ ಬಿಟ್ಟು ಇಡೀ ದಿನ ಮಗು ಪಕ್ಕ ಮಲ್ಕೊಂಡು ಅದು ಕೇಳಿದಾಗೆಲ್ಲಾ ಕುಡಿಸಿ.