ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕಾಲೇಜಿನ ರನ್ನಿಂಗ್ ಬ್ಯಾಕ್ (ಚೆಂಡು ಹೊತ್ತು ಓಡುವ ಆಟಗಾರ) ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ನೆಲೆಯೂರುತ್ತಾನೆಯೇ ಎಂದು ಅಂದಾಜಿಸುವುದು ಹೇಗೆ?

ಒಟ್ಟು ಯಾರ್ಡ್‌ಗಳನ್ನು ನೋಡಿ ಮರುಳಾಗಬೇಡಿ. ಟ್ರೆಂಟ್ ರಿಚರ್ಡ್‌ಸನ್ 2011ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ಪರ 1,679 ಯಾರ್ಡ್ ಓಡಿದರು, ಮರುವರ್ಷದ ಡ್ರಾಫ್ಟ್‌ನಲ್ಲಿ (ಎನ್‌ಎಫ್‌ಎಲ್ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಮೂರನೆಯವರಾಗಿ ಆಯ್ಕೆಯಾದರು. ಎನ್‌ಎಫ್‌ಎಲ್‌ನಲ್ಲಿ ಆಡಿದ್ದು ಮೂರೇ ಋತು; ಓಟಕ್ಕೆ ಸರಾಸರಿ 3.3 ಯಾರ್ಡ್. ಕಾಲೇಜಿನಲ್ಲಿ ಮುಂದಿನ ಸಾಲಿನ ದೈತ್ಯರು ಹೆದ್ದಾರಿಯನ್ನೇ ತೆರೆದುಕೊಡುತ್ತಿದ್ದರು. ವೃತ್ತಿಪರ ಲೀಗ್‌ನಲ್ಲಿ ಸಿಗುವುದು ಕ್ಷಣದಲ್ಲಿ ಮುಚ್ಚಿಹೋಗುವ ಸಂದು.

ಆದ್ದರಿಂದ ಎದುರಾಳಿ ಮೈಮೇಲೆ ಬಿದ್ದ ಮೇಲೂ ಆಟಗಾರ ಎಷ್ಟು ಯಾರ್ಡ್ ಕಸಿದುಕೊಳ್ಳುತ್ತಾನೆ ಎಂಬುದನ್ನು ಮೊದಲು ನೋಡಿ. ಅದು ಅವನ ಸ್ವಂತ ಗಳಿಕೆ. ಬೊಯ್ಸಿ ಸ್ಟೇಟ್‌ನ ಆಷ್ಟನ್ ಜೆಂಟಿ 2024ರಲ್ಲಿ ಗಳಿಸಿದ 2,601 ಯಾರ್ಡ್‌ಗಳಲ್ಲಿ ಹೆಚ್ಚಿನ ಪಾಲು ಹಾಗೆ ಬಂದದ್ದೇ. 2025ರಲ್ಲಿ ಲಾಸ್ ವೇಗಸ್ ರೈಡರ್ಸ್ ಅವರನ್ನು ಆರನೆಯವರಾಗಿ ಆರಿಸಿಕೊಂಡಿತು.

ಪಾಸ್ ಹಿಡಿಯಬಲ್ಲನೇ? ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ನತ್ತ ನುಗ್ಗುವವರನ್ನು ತಡೆಯಬಲ್ಲನೇ? ಇವು ಬಾರದಿದ್ದರೆ ಮೂರನೇ ಡೌನ್‌ನಲ್ಲಿ (ಹತ್ತು ಯಾರ್ಡ್ ಮುನ್ನಡೆಯಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು, ಹೆಚ್ಚಾಗಿ ಪಾಸ್ ಎಸೆಯುವ ಹೊತ್ತು) ಬೆಂಚೇ ಗತಿ. ಡ್ರಾಫ್ಟ್‌ಗೆ ಮುನ್ನ ಅಳೆಯುವ 40 ಯಾರ್ಡ್ ಓಟದ ಸಮಯಕ್ಕೆ ಸಿಗುವ ಪ್ರಚಾರ, ನನ್ನ ಮಟ್ಟಿಗೆ, ಅತಿಯಾಯಿತು.

ಕಾಲೇಜಿನಲ್ಲೇ ದೇಹ ಸವೆದಿದೆಯೇ ಎಂಬುದೂ ಪ್ರಶ್ನೆಯೇ, ಆದರೆ ಇದೊಂದನ್ನೇ ನಂಬಬಾರದು. ಡೆರಿಕ್ ಹೆನ್ರಿ 2015ರಲ್ಲಿ ಕಾಲೇಜಿನ ಪರ 395 ಬಾರಿ ಚೆಂಡು ಹೊತ್ತು ಓಡಿದ್ದರು. ಡ್ರಾಫ್ಟ್‌ನಲ್ಲಿ ಎರಡನೇ ಸುತ್ತಿನವರೆಗೆ ಕಾದರು. 2020ರಲ್ಲಿ ಟೆನೆಸ್ಸಿ ಟೈಟನ್ಸ್ ಪರ ಅವರು ಓಡಿದ್ದು 2,027 ಯಾರ್ಡ್.